ಸ್ಪ್ಯಾನಿಷ್ ಮಕ್ಕಳ ಓದು: ಉಚ್ಚಾರಣೆ ಸರಾಗ, ಗ್ರಹಿಕೆ ದುರ್ಬಲ

ಸ್ಪ್ಯಾನಿಷ್ ಭಾಷೆಯಲ್ಲಿ ಬರಹಕ್ಕೂ ಉಚ್ಚಾರಣೆಗೂ ಹೆಚ್ಚಿನ ಅಂತರವಿಲ್ಲ. ಆದ್ದರಿಂದ ಈ ಭಾಷೆಯ ಮಕ್ಕಳು ಇಂಗ್ಲಿಷ್ ಮಕ್ಕಳಿಗಿಂತ ಬೇಗನೆ ಪದಗಳನ್ನು ತಪ್ಪಿಲ್ಲದೆ ಓದಲು ಕಲಿಯುತ್ತಾರೆ. ಆದರೆ ಓದಿದ್ದೆಲ್ಲ ಅರ್ಥವಾಗಿದೆ ಎನ್ನುವಂತಿಲ್ಲ. 2022ರ ಪೀಸಾ ಪರೀಕ್ಷೆಯ ಓದಿನ ವಿಭಾಗದಲ್ಲಿ ಒಇಸಿಡಿ ರಾಷ್ಟ್ರಗಳ ಸರಾಸರಿ 476 ಅಂಕ. ಸ್ಪೇನ್ 474, ಚಿಲಿ 448, ಮೆಕ್ಸಿಕೊ 415 ಅಂಕ ಗಳಿಸಿದವು. ಮೆಕ್ಸಿಕೊದಲ್ಲಿ ಪರೀಕ್ಷೆ ಬರೆದ 15 ವರ್ಷದವರಲ್ಲಿ ಸುಮಾರು ಅರ್ಧದಷ್ಟು ಮಂದಿ ಮೂಲಭೂತ ಮಟ್ಟವನ್ನೂ ತಲುಪಲಿಲ್ಲ.

ಗಫ್ ಮತ್ತು ಟನ್ಮರ್ 1986ರಲ್ಲಿ ಮಂಡಿಸಿದ ಸಿದ್ಧಾಂತದಂತೆ, ಅಕ್ಷರ ಬಿಡಿಸುವ ಸಾಮರ್ಥ್ಯ ಮತ್ತು ಭಾಷಾಜ್ಞಾನ ಎರಡೂ ಕೂಡಿದಾಗಲೇ ಗ್ರಹಿಕೆ ಸಾಧ್ಯ. ಪದಸಂಪತ್ತು ಅಥವಾ ಹಿನ್ನೆಲೆಯ ಅರಿವು ಕಡಿಮೆಯಿದ್ದರೆ ತೊಡಕು ತಲೆದೋರುತ್ತದೆ. ಗಟ್ಟಿಯಾಗಿ ಓದಿಸಿದರೆ ಇದು ಶಿಕ್ಷಕರ ಗಮನಕ್ಕೆ ಬಾರದು. ಓದಿದ್ದನ್ನು ಮಗು ತನ್ನದೇ ಮಾತಿನಲ್ಲಿ ಹೇಳಬಲ್ಲದೇ ಎಂದು ಕೇಳಿ ನೋಡಬೇಕು.