ಸೋತು ಸೋತು ಗೆದ್ದ ಸ್ಯಾನ್ ಮರಿನೋ

ಸುತ್ತಲೂ ಇಟಲಿ, ನಡುವೆ ಸುಮಾರು 34 ಸಾವಿರ ಜನರ ಪುಟ್ಟ ದೇಶ ಸ್ಯಾನ್ ಮರಿನೋ. 1993ರಲ್ಲಿ ಇಂಗ್ಲೆಂಡ್ ವಿರುದ್ಧ 8.3 ಸೆಕೆಂಡಿಗೇ ಗೋಲು ಹೊಡೆದ ಫುಟ್ಬಾಲ್ ತಂಡ ಇದು. ಕೊನೆಗೆ ಸೋತಿದ್ದು 7-1ರಲ್ಲಿ! 2004ರಲ್ಲಿ ಲಿಕ್ಟೆನ್‌ಸ್ಟೈನ್ ವಿರುದ್ಧ ಒಂದು ಸ್ನೇಹಪಂದ್ಯ ಗೆದ್ದಿತು. ಆಮೇಲೆ 140 ಪಂದ್ಯ, ಒಂದೂ ಗೆಲುವಿಲ್ಲ.

2024ರ ಸೆಪ್ಟೆಂಬರ್ 5. ನೇಷನ್ಸ್ ಲೀಗ್‌ನಲ್ಲಿ ಅದೇ ಲಿಕ್ಟೆನ್‌ಸ್ಟೈನ್ ವಿರುದ್ಧ 1-0. ಟೂರ್ನಿಯೊಂದರಲ್ಲಿ ಅವರ ಮೊದಲ ಜಯ! ಗೋಲು ಹೊಡೆದ 19 ವರ್ಷದ ನಿಕೊ ಸೆನ್ಸೋಲಿ, ಹಿಂದಿನ ಸಲ ಗೆದ್ದಾಗ ಹುಟ್ಟೇ ಇರಲಿಲ್ಲ. ನವೆಂಬರಲ್ಲಿ ಮತ್ತೆ 3-1ರಿಂದ ಗೆದ್ದು ಮೇಲಿನ ಲೀಗ್‌ಗೆ ಬಡ್ತಿ.

ಕಾಮರ್ಸ್ ಓದಿದ ನನಗೆ ಇದು ಬರೀ ನಷ್ಟದ ಲೆಕ್ಕ ಅನ್ನಿಸಿತ್ತು. ಆದರೆ ಸೋಲ್ತೀವಿ ಅಂತ ಗೊತ್ತಿದ್ದೂ ಹಿಂದಿನವರು 20 ವರ್ಷ ಮೈದಾನಕ್ಕಿಳಿಯದಿದ್ದರೆ, ಸೆನ್ಸೋಲಿಗೆ ಆಡೋಕೆ ತಂಡವೇ ಇರ್ತಿರಲಿಲ್ಲ.