ಬೈಪೋಲಾರ್ ಕಾಯಿಲೆಯ ಪತ್ತೆಯಲ್ಲಿ ಪ್ರೋಟೀನ್ ವಿಶ್ಲೇಷಣೆ

ಬೈಪೋಲಾರ್ ಕಾಯಿಲೆಯನ್ನು ವೈದ್ಯರು ಇಂದಿಗೂ ಗುರುತಿಸುವುದು ಮುಖ್ಯವಾಗಿ ರೋಗಿ ಮತ್ತು ಮನೆಯವರ ಮಾತು ಕೇಳಿಯೇ. ಉನ್ಮಾದದ ದಿನಗಳನ್ನು ಯಾರೂ ಹೇಳದಿದ್ದರೆ ಅದು ಬರೀ ಖಿನ್ನತೆಯಂತೆ ಕಾಣುತ್ತದೆ. ಖಿನ್ನತೆಗೆಂದು ಕೊಟ್ಟ ಮಾತ್ರೆಯೇ ಕೆಲವರಲ್ಲಿ ಉನ್ಮಾದವನ್ನು ಕೆರಳಿಸುವುದುಂಟು. ಈ ಗೊಂದಲ ಬಿಡಿಸಲು ರಕ್ತದ ಪ್ರೋಟೀನುಗಳನ್ನು ಅಳೆಯುವ ಪ್ರಯತ್ನ ನಡೆದಿದೆ. ಅಮೆರಿಕದ ಮೇಯೋ ಕ್ಲಿನಿಕ್‌ನ ಸಂಶೋಧಕರು 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಜಿಡಿಎಫ್-15 ಸೇರಿ ಕೆಲವು ಪ್ರೋಟೀನುಗಳ ಮಟ್ಟ ಮೊದಲ ಬಗೆಯ ಬೈಪೋಲಾರ್ ರೋಗಿಗಳಲ್ಲಿ ಉಳಿದವರಿಗಿಂತ ಬೇರೆಯಾಗಿತ್ತು. ನರಕೋಶಗಳನ್ನು ಪೋಷಿಸುವ ಇನ್ನೊಂದು ಪ್ರೋಟೀನಾದ ಬಿಡಿಎನ್‌ಎಫ್ ಸಾಮಾನ್ಯವಾಗಿ ಉನ್ಮಾದದಲ್ಲೂ ಖಿನ್ನತೆಯಲ್ಲೂ ತಗ್ಗುತ್ತದೆ. ಬರೀ ಖಿನ್ನತೆಯಿರುವವರಲ್ಲೂ ಹಾಗೇ ಆಗುವುದರಿಂದ ಅದೊಂದನ್ನೇ ನೆಚ್ಚಲಾಗದು. ಅಳತೆಯೂ ನಾಜೂಕಿನದು: ಕೊಳವೆಯಲ್ಲಿ ರಕ್ತ ಹೆಪ್ಪುಗಟ್ಟುವಾಗ ಪ್ಲೇಟ್‌ಲೆಟ್‌ಗಳಿಂದ ಬಿಡಿಎನ್‌ಎಫ್ ಸೀರಮ್ಮಿಗೆ ಸೋರುತ್ತಿರುತ್ತದೆ, ಮೇಜಿನ ಮೇಲೆ ಎಷ್ಟು ಹೊತ್ತು ಬಿಟ್ಟರೆಂಬುದೂ ಲೆಕ್ಕಕ್ಕೆ ಬರುತ್ತದೆ.