ಕತ್ತಿನ ನರವೂ ದಾದಿಯ ಕೈಯೂ

ಸಂತೆಯ ಚೌಕಾಸಿಯಲ್ಲಿಯೋ ಯಕ್ಷಗಾನದ ರಂಗಸ್ಥಳದಲ್ಲಿಯೋ ಕತ್ತಿನ ನರ ಉಬ್ಬುವಂತೆ ಕೂಗುವವರನ್ನು ನಾವೆಲ್ಲರೂ ನೋಡಿರುವೆವು. ಹಾಗೆ ಉಬ್ಬಿ ನಿಲ್ಲುವುದು ವಾಸ್ತವವಾಗಿ ನರವಲ್ಲ. ದವಡೆಯ ಕೋನದ ಬಳಿ ಹೊರಟು, ಕತ್ತಿನ ಓರೆಸ್ನಾಯುವನ್ನು ಚರ್ಮದ ಅಡಿಯಲ್ಲಿಯೇ ದಾಟಿ, ಕೊರಳೆಲುಬಿನ ಹಿಂದೆ ಮರೆಯಾಗುವ, ಹೊರಗಿನ ಜುಗುಲರ್ ಎಂಬ ಅಭಿಧಮನಿ ಅದು. ಆದರೆ ರೋಗಿಯ ತೋಳನ್ನು ತಟ್ಟಿ ತಟ್ಟಿ ಸೋತ ಸಿಸ್ಟರು 'ನರ ಸಿಗ್ತಾ ಇಲ್ಲ' ಎಂದೇ ಹೇಳುವುದರಿಂದ, ಅಂಗರಚನಾಶಾಸ್ತ್ರದ ಪಂಡಿತರ ಕ್ಷಮೆ ಬೇಡಿ ನಾನೂ ಆ ಮಾತನ್ನೇ ಬಳಸುವೆನು. ಕೈಯಲ್ಲಿ ಸಿಗದ ನರವನ್ನು ಕತ್ತಿನಲ್ಲಿ ಹುಡುಕುವ ಅಧಿಕಾರ ದಾದಿಗೆ ಉಂಟೋ ಇಲ್ಲವೋ ಎಂಬುದು ಅಮೆರಿಕದ ಆಸ್ಪತ್ರೆಗಳಲ್ಲಿ ಬಹುಕಾಲ ಚರ್ಚೆಗೆ ಬಂದ ಪ್ರಶ್ನೆ. ಅದರ ಬೇರುಗಳು ಮಾತ್ರ ಇನ್ನೂ ಹಿಂದಕ್ಕೆ ಹೋಗುವುವು.

1656ರಲ್ಲಿ ಆಕ್ಸ್‌ಫರ್ಡಿನಲ್ಲಿ ಕ್ರಿಸ್ಟೋಫರ್ ರೆನ್ ಹಕ್ಕಿಯ ಗರಿಯ ಕೊಳವೆಯಿಂದ ನಾಯಿಯ ನರಕ್ಕೆ ದ್ರವ ಹರಿಸಿದ್ದು ವಿದ್ವಾಂಸರ ಕುತೂಹಲ. ಅದು ಪ್ರಾಣ ಉಳಿಸುವ ಪ್ರಯತ್ನವಾಗಿ ಪರಿಣಮಿಸಿದ್ದು ಕಾಲರಾ ಬಂದ ಮೇಲೆ. ಮುಂದೆ ಕಲ್ಕತ್ತೆಗೆ ಬಂದು ಈ ದೇಶದಲ್ಲಿ ಟೆಲಿಗ್ರಾಫ್ ತಂತಿ ಹಾಕಿಸಿದ ವೈದ್ಯ ಓಷಾನೆಸ್ಸಿಯೇ, ಕಾಲರಾ ರೋಗಿಯ ರಕ್ತದಲ್ಲಿ ನೀರೂ ಲವಣವೂ ಬತ್ತುವುದೆಂದು ತರುಣನಾಗಿದ್ದಾಗ ತೋರಿಸಿಕೊಟ್ಟವನು. ಆ ಮಾತನ್ನು ನಂಬಿ 1832ರ ಮೇ ತಿಂಗಳಲ್ಲಿ ಸ್ಕಾಟ್ಲೆಂಡಿನ ಲೀತ್ ಪಟ್ಟಣದ ಥಾಮಸ್ ಲಾಟಾ, ಸಾವಿನ ಅಂಚಿನಲ್ಲಿದ್ದ ವೃದ್ಧೆಯೊಬ್ಬಳ ತೋಳಿನ ನರಕ್ಕೆ ಅರ್ಧ ಗಂಟೆಯಲ್ಲಿ 6 ಪಿಂಟ್ ಉಪ್ಪುನೀರು ಹರಿಸಲು, ಗುಳಿಬಿದ್ದ ಕಣ್ಣು ಬೆಳಗಿತು, ತಣ್ಣಗಾಗಿದ್ದ ಕೈಕಾಲು ಬಿಸಿಯೇರಿತು. ದಣಿದ ಲಾಟಾ ಆಕೆಯನ್ನು ಮತ್ತೊಬ್ಬ ವೈದ್ಯನಿಗೆ ಒಪ್ಪಿಸಿ ಹೋದನು; ವಾಂತಿಭೇದಿ ಮರುಕಳಿಸಿ ಐದೂವರೆ ಗಂಟೆಯೊಳಗೆ ಆಕೆ ತೀರಿಕೊಂಡಳು. ಡ್ರಿಪ್ ಹಾಕುವುದರ ಜೊತೆಗೆ ಅದನ್ನು ಕಾಯುತ್ತ ಕೂರುವವರೂ ಬೇಕೆಂಬುದು ಅಂದೇ ತಿಳಿಯಬೇಕಾಗಿತ್ತೆಂದು ನನಗೆ ತೋರುತ್ತದೆ.

ಆ ಮೇಲೆಯೂ ನೂರು ವರ್ಷ ಸೂಜಿ ವೈದ್ಯನ ಕೈಯಲ್ಲಿಯೇ ಉಳಿಯಿತು. 1929ರಲ್ಲಿ ಜರ್ಮನಿಯ ಎಬರ್ಸ್‌ವಾಲ್ಡೆಯಲ್ಲಿ ವರ್ನರ್ ಫೋರ್ಸ್‌ಮನ್ ತೋಳಿನ ನರದ ಮಾರ್ಗವಾಗಿ ಹೃದಯಕ್ಕೆ ಕೊಳವೆ ತೂರಿಸಹೊರಟಾಗ, ಉಪಕರಣಗಳು ಗೆರ್ಡಾ ಡಿಟ್ಜೆನ್ ಎಂಬ ದಾದಿಯ ವಶದಲ್ಲಿದ್ದುವು. ಪ್ರಯೋಗ ತನ್ನ ಮೇಲೆಯೇ ನಡೆಯಲೆಂದು ಆಕೆ ಮೇಜಿನ ಮೇಲೆ ಮಲಗಿದಳು. ಆತನೋ ಆಕೆಯನ್ನು ಮೇಜಿಗೆ ಕಟ್ಟಿ, ಗುಟ್ಟಾಗಿ ತನ್ನ ತೋಳಿನಲ್ಲಿಯೇ 65 ಸೆಂಟಿಮೀಟರ್ ಕೊಳವೆ ಇಳಿಸಿಕೊಂಡನು. 1956ರಲ್ಲಿ ನೊಬೆಲ್ ಪಾರಿತೋಷಕವನ್ನು ಹಂಚಿಕೊಂಡವರಲ್ಲಿ ಆತನೂ ಒಬ್ಬ. ಕಟ್ಟುಬಿದ್ದ ದಾದಿಯನ್ನು ನೆನೆಯುವವರು ವಿರಳ.

1940ರಲ್ಲಿ ಬಾಸ್ಟನ್ನಿನ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆ ಏಡಾ ಪ್ಲೂಮರ್ ಎಂಬ ದಾದಿಗೆ ನರಕ್ಕೆ ಡ್ರಿಪ್ ಹಾಕುವ ಕೆಲಸವನ್ನೇ ವಹಿಸಿತು. ಬೇಕಾದ ಅರ್ಹತೆ ಒಂದೇ: ನರ ಚುಚ್ಚಲು ಬರಬೇಕು. ಅಂದಿನ ಸೂಜಿ ಒಮ್ಮೆ ಬಳಸಿ ಎಸೆಯುವಂಥದಲ್ಲ. ಉಕ್ಕಿನ ಮೊನೆ ಮೊಂಡಾದರೆ ಸಾಣೆಕಲ್ಲಿಗೆ ಮಸೆದು, ಒಳಗೆ ಹೆಪ್ಪುಗಟ್ಟಿದ ರಕ್ತವನ್ನು ಸಣ್ಣ ತಂತಿಯಿಂದ ಹೊರದೂಡಿ, ಕುದಿಸಿ ಮತ್ತೆ ಬಳಸಬೇಕು. ಚುಚ್ಚಿದ ಮೇಲೆ ಕೈ ಮಡಚಿದರೆ ಅದೇ ಮೊನೆ ನರವನ್ನು ಹರಿಯುವುದರಿಂದ, ರೋಗಿಯ ತೋಳನ್ನು ಹಲಗೆಗೆ ಕಟ್ಟಬೇಕು. 1950ರಲ್ಲಿ ಮೇಯೊ ಕ್ಲಿನಿಕ್ಕಿನ ಡೇವಿಡ್ ಮಾಸ್ಸಾ ಸೂಜಿಯ ಮೇಲೆ ಪ್ಲಾಸ್ಟಿಕ್ ಕೊಳವೆ ತೊಡಿಸಿ, ಸೂಜಿ ಹೊರಬಂದರೂ ಕೊಳವೆ ಒಳಗುಳಿಯುವಂತೆ ಮಾಡಿದನು. ನಾವಿಂದು ಕೈಯಲ್ಲಿ ಹಾಕಿಸಿಕೊಳ್ಳುವ ಕ್ಯಾನುಲಾದ ಪೂರ್ವಜ ಅದೇ.

ಆದರೂ ಸುಟ್ಟಗಾಯದವರಲ್ಲಿ, ಕ್ಯಾನ್ಸರ್ ಔಷಧಿಯಿಂದ ನರ ಗಡುಸಾದವರಲ್ಲಿ, ನೀರು ಬತ್ತಿದವರಲ್ಲಿ ತೋಳು ಕೈಕೊಡುವುದುಂಟು. ಆಗ ಉಳಿಯುವುದು ಕತ್ತು. ಮಂಚದ ತಲೆಭಾಗವನ್ನು ತಗ್ಗಿಸಿ, ರೋಗಿಯ ಮುಖವನ್ನು ಆಚೆಗೆ ಹೊರಳಿಸುವರು. ತೋಳಿಗೆ ಬಿಗಿದಂತೆ ಕತ್ತಿಗೆ ರಬ್ಬರ್ ಪಟ್ಟಿ ಬಿಗಿಯಲಾಗದುದರಿಂದ ಕೊರಳೆಲುಬಿನ ಮೇಲ್ಗಡೆ ಬೆರಳೊತ್ತಿ, 'ಉಸಿರು ಕಟ್ಟಿ ತಿಣುಕಿ' ಎನ್ನುವರು. ಸಂತೆಯ ಕೂಗಾಳಿಯ ನರ ಆಗ ಮೇಲೆದ್ದು ಬರುವುದು. ಜಾರುವ ಸ್ವಭಾವದ ಅದನ್ನು ಚರ್ಮವೆಳೆದು ಹಿಡಿದು, ಓರೆಯಾಗಿ ಚುಚ್ಚಿ, ಸೂಜಿಯ ಹಿಂಬದಿಯಲ್ಲಿ ರಕ್ತ ಇಣುಕುವುದನ್ನು ಕಾಯಬೇಕು. ಎಚ್ಚರ ತಪ್ಪಿ ಕೊಳವೆಯ ಬಾಯಿ ತೆರೆದಿದ್ದರೆ, ರೋಗಿ ಉಸಿರೆಳೆದಾಗ ಗಾಳಿಯೇ ಹೃದಯಕ್ಕೆ ನುಗ್ಗೀತು. ಸುಶ್ರುತನು ಕತ್ತಿನ ಇಕ್ಕೆಲದ ಎಂಟು ಸಿರೆಗಳನ್ನು ಸಿರಾಮಾತೃಕೆಗಳೆಂದು ಹೆಸರಿಸಿ, ಅಲ್ಲಿ ಪೆಟ್ಟು ಬಿದ್ದರೆ ತತ್‌ಕ್ಷಣ ಮರಣವೆಂದು ಎಚ್ಚರಿಸಿದ್ದು ಬರಿಯ ಅಂಜಿಕೆಯಿಂದಲ್ಲ.

ಆಳದಲ್ಲಿ, ದೊಡ್ಡ ಧಮನಿಯ ಮಗ್ಗುಲಲ್ಲಿರುವ ಒಳಗಿನ ಜುಗುಲರನ್ನು ವೈದ್ಯರು ತಮಗೇ ಇರಿಸಿಕೊಂಡರು. ಕಣ್ಣಿಗೆ ಕಾಣುವ ಹೊರಗಿನದರ ವಿಷಯದಲ್ಲಿ ಮಾತ್ರ ವಿಚಿತ್ರ ನ್ಯಾಯ ನಡೆಯಿತು: ಬೀದಿಯಲ್ಲಿ ಆಂಬುಲೆನ್ಸಿನವನು ಅಲುಗಾಡುವ ಗಾಡಿಯಲ್ಲಿಯೇ ಚುಚ್ಚಬಹುದಾದ ನರವನ್ನು, ಬೆಳಕೂ ನೆರವೂ ಇರುವ ವಾರ್ಡಿನಲ್ಲಿ ದಾದಿ ಮುಟ್ಟಬಾರದೆಂದು ಹಲವು ಆಸ್ಪತ್ರೆಗಳು ನಿಯಮವಿಟ್ಟವು. 1973ರಲ್ಲಿ ಪ್ಲೂಮರ್ ಮತ್ತು ಮಾರ್ಗರೈಟ್ ನೈಟ್ ಕಟ್ಟಿದ ದಾದಿಯರ ಸಂಘವು, ತರಬೇತಿಯೂ ಪರೀಕ್ಷಿತ ಕೌಶಲವೂ ಇದ್ದ ದಾದಿ ಇದನ್ನು ಮಾಡಬಹುದೆಂದು ಮುಂದೆ ಸಾರಿತಾದರೂ, ಅಂತಿಮ ಮಾತು ಆಯಾ ರಾಜ್ಯದ ನರ್ಸಿಂಗ್ ಮಂಡಳಿಗೂ ಆಸ್ಪತ್ರೆಗೂ ಸೇರಿದ್ದು. ಈಚೆಗೆ ಅಲ್ಟ್ರಾಸೌಂಡ್ ಯಂತ್ರ ತೋಳಿನ ಆಳದ ನರಗಳನ್ನು ತೋರಿಸತೊಡಗಿದ ಮೇಲೆ ಕತ್ತಿಗೆ ಹೋಗುವ ಪ್ರಸಂಗಗಳೇ ಕಡಮೆಯಾಗುತ್ತಿವೆ. ಹೋದಾಗ ಮಾತ್ರ ಹಳೆಯ ಕ್ರಮವೇ: ಕೊಳವೆ ತೆಗೆಯುವ ದಿನವೂ ರೋಗಿಯನ್ನು ಮಟ್ಟಸವಾಗಿ ಮಲಗಿಸಿ, ಉಸಿರು ಬಿಗಿಹಿಡಿಯಿರೆಂದು ಹೇಳಿ, ಹತ್ತಿಯನ್ನೊತ್ತಿದ ಬೆರಳನ್ನು ಬಹಳ ಹೊತ್ತು ತೆಗೆಯದೆ ದಾದಿ ಅಲ್ಲಿಯೇ ನಿಂತಿರುತ್ತಾಳೆ.